ಬಾದಾಮಿ ವಾಸನೆಯ ಮದ್ದು

ಕೌಜಲಗಿಯ ನಮ್ಮ ಮನೆಯ ಹಿತ್ತಿಲಲ್ಲಿ ಜೇನುಹುಳುಗಳು ಹಾರುವುದನ್ನು ಬಿಟ್ಟು ನೆಲದ ಮೇಲೆ ತೆವಳತೊಡಗಿದ ದಿನ ನಾನು ಮೊದಲು ಕರೆದದ್ದು ನಮ್ಮ ಅತ್ತೆಯನ್ನು. ಅವರು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಹಿಟ್ಟಿನ ಕೈಯಲ್ಲೇ ಎದ್ದು ಬಂದು ಜೇನುಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದರು. ಮೂವತ್ತು ನಲವತ್ತು ಹುಳುಗಳು ರೆಕ್ಕೆಗಳನ್ನು ಓರೆಯಾಗಿ ಬಿಚ್ಚಿಕೊಂಡು ಹುಲ್ಲಿನ ಕಡ್ಡಿ ಹತ್ತುತ್ತಿದ್ದವು, ಬೀಳುತ್ತಿದ್ದವು, ಮತ್ತೆ ಹತ್ತುತ್ತಿದ್ದವು. ಅತ್ತೆ ಒಂದು ಹುಳುವನ್ನು ಹಿಟ್ಟಿನ ಬೆರಳ ಮೇಲೆ ಹತ್ತಿಸಿಕೊಂಡು ಸ್ವಲ್ಪ ಹೊತ್ತು ನೋಡಿ ಕೆಳಗಿಟ್ಟರು.

ಅದು ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಚಳಿಗಾಲ. ನನಗೆ ಇಪ್ಪತ್ನಾಲ್ಕು ವರ್ಷ. ಮದುವೆಯಾಗಿ ಆರು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ನನ್ನ ಗಂಡ ಹುಕ್ಕೇರಿ ಕಡೆಯ ಒಂದು ಹಳ್ಳಿಯಲ್ಲಿ ಶಾಲಾ ಮಾಸ್ತರು. ಶನಿವಾರ ಸಂಜೆ ಊರಿಗೆ ಬಂದು ಸೋಮವಾರ ಮೊದಲ ಬಸ್ಸಿಗೆ ಹೊರಟುಬಿಡುತ್ತಿದ್ದರು. ಉಳಿದ ದಿನ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ.

ಜೇನು ಸಾಕುವುದನ್ನು ನನಗೆ ಕಲಿಸಿದವರು ಮೂಡಲಗಿಯಲ್ಲಿ ಮನೆ ಮಾಡಿಕೊಂಡಿದ್ದ ಒಬ್ಬ ಸರ್ಕಾರಿ ನೌಕರರು. ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. ಎಲ್ಲರೂ ಅವರನ್ನು ಜೇನಿನ ಸಾಹೇಬರು ಎಂದೇ ಕರೆಯುತ್ತಿದ್ದರು. ವಯಸ್ಸು ಮೂವತ್ತರ ಆಸುಪಾಸು, ಮೆತ್ತಗಿನ ಮಾತು, ಹುಳು ಕಚ್ಚಿದರೂ ಕೈ ಹಿಂದಕ್ಕೆ ತೆಗೆಯದ ಮನುಷ್ಯ. ಅವರು ಕೊಟ್ಟ ಎರಡು ಪೆಟ್ಟಿಗೆ ನನ್ನ ಕೈಯಲ್ಲಿ ಐದಾಗಿದ್ದವು. ಬೇರೆ ಊರುಗಳಲ್ಲಿ ಅವರು ನನ್ನ ಹೆಸರು ಹೇಳಿ, ಆ ಹೆಣ್ಣುಮಗಳನ್ನು ನೋಡಿ ಕಲಿಯಿರಿ ಅನ್ನುತ್ತಾರೆ ಎಂದು ನನ್ನ ಕಿವಿಗೂ ಬಿದ್ದಿತ್ತು. ಮಕ್ಕಳಿಲ್ಲದವಳು ಎಂಬ ಮಾತನ್ನೇ ಕೇಳಿ ಕೇಳಿ ಸಾಕಾಗಿದ್ದ ನನಗೆ ಆ ಹೊಗಳಿಕೆ ಎಷ್ಟು ದೊಡ್ಡದಾಗಿತ್ತು ಎಂದು ಈಗ ಹೇಳುವುದು ಕಷ್ಟ.

ಸಾಹೇಬರು ಬಂದು ಸತ್ತ ಹುಳುಗಳನ್ನು ಕಡ್ಡಿಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋದರು. ಹತ್ತು ಹನ್ನೆರಡು ದಿನದ ಮೇಲೆ ತಿರುಗಿ ಬಂದಾಗ ಅವರ ಮುಖ ಗಂಭೀರವಾಗಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಂತೆ. ಹುಳುವಿನ ಉಸಿರಿನ ಕೊಳವೆಯೊಳಗೆ ಸೇರಿಕೊಂಡು ಅಲ್ಲೇ ಮರಿ ಮಾಡುತ್ತದಂತೆ. ಹುಳುವಿಗೆ ಉಸಿರು ಸಾಲದೆ ಹಾರುವ ಶಕ್ತಿ ಹೋಗುತ್ತದಂತೆ. ಹೀಗೆ ಬಿಟ್ಟರೆ ಐದೂ ಪೆಟ್ಟಿಗೆ ಹೋಗುತ್ತವೆ, ಸುತ್ತಲಿನ ಊರಿನವೂ ಹೋಗುತ್ತವೆ ಎಂದರು. ಆಮೇಲೆ ಚೀಲದಿಂದ ಒಂದು ಶರಬತ್ತಿನ ಬಾಟಲಿ ತೆಗೆದರು. ಅದರಲ್ಲಿ ತಿಳಿಹಳದಿ ಬಣ್ಣದ ನೀರಿನಂಥ ಮದ್ದಿತ್ತು. ಬಾಟಲಿಯ ಮೇಲೆ ಚೀಟಿ ಇರಲಿಲ್ಲ. ದೊಡ್ಡ ಡಬ್ಬಿಯಲ್ಲಿ ಬಂದದ್ದನ್ನು ಅವರೇ ಮನೆಯಲ್ಲಿ ಪೆಟ್ರೋಲು ಸೇರಿಸಿ ಕಲಸಿ, ಸಿಕ್ಕ ಸಿಕ್ಕ ಬಾಟಲಿಗಳಿಗೆ ತುಂಬಿಕೊಂಡು ಹಂಚುತ್ತಿದ್ದರು.

ಬಿರಡೆ ತೆಗೆದ ಕೂಡಲೇ ಹಿತ್ತಿಲೆಲ್ಲ ಸಿಹಿ ವಾಸನೆ ತುಂಬಿತು. ಬಾದಾಮಿ ಎಣ್ಣೆಯದೇ ವಾಸನೆ, ಅದರ ಹಿಂದೆ ಸ್ವಲ್ಪ ಪೆಟ್ರೋಲಿನ ಘಾಟು. ಔಷಧವೆಂದರೆ ಮೂಗು ಮುಚ್ಚಿಕೊಳ್ಳುವಂತಿರುತ್ತದೆ ಎಂದುಕೊಂಡಿದ್ದ ನನಗೆ ಆ ವಾಸನೆಯಿಂದ ಭಯವೇ ಆಗಲಿಲ್ಲ.

ಎಂಟು ದಿನ, ದಿನಾ ಹೊತ್ತು ಇಳಿದ ಮೇಲೆ, ಒಂದೊಂದು ಪೆಟ್ಟಿಗೆಯ ತಳದಲ್ಲಿ ಅರಿವೆಯ ತುಂಡಿಟ್ಟು ಅದರ ಮೇಲೆ ಅರ್ಧ ಚಮಚ ಹಾಕಬೇಕು. ಮದ್ದು ಆವಿಯಾಗಿ ಮೇಲೇರಿ ಹುಳುವಿನ ಮೈಯೊಳಗಿನ ನುಸಿಯನ್ನು ಕೊಲ್ಲುತ್ತದೆ. ಇಷ್ಟು ಹೇಳಿ ಅವರು ಸೈಕಲ್ ಹತ್ತುವ ಮುಂಚೆ ಮತ್ತೊಮ್ಮೆ ತಿರುಗಿದರು.

"ಈ ಪೆಟ್ಟಿಗಿ ಜೇನತುಪ್ಪಾ ಮುಂದಿನ ಹೂವಿನ ಕಾಲದತನಾ ಮುಟ್ಟಬ್ಯಾಡ್ರಿ ಅಕ್ಕಾರ. ಹುಳಕ್ಕ ಇರಲಿ ಅದು."

ನಾನು ಹೂಂ ಎಂದೆ. ಮನುಷ್ಯರಿಗೆ ಅದರಿಂದ ಏನಾಗುತ್ತದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬಾಟಲಿಯನ್ನು ನಾನು ಮಲಗುವ ಕೋಣೆಯ ಗೋಡೆಯ ಗೂಡಿನಲ್ಲಿಟ್ಟೆ. ಅಡುಗೆಮನೆಯಲ್ಲಿಟ್ಟರೆ ಬೆಕ್ಕು ಉರುಳಿಸೀತು ಎಂಬ ಎಚ್ಚರಿಕೆ. ಬಿರಡೆ ಸಡಿಲಾಗಿತ್ತು, ಕೋಣೆಗೆ ಕಿಟಕಿ ಇರಲಿಲ್ಲ. ಚಳಿ ಎಂದು ಬಾಗಿಲು ಮುಚ್ಚಿ ಮಲಗುತ್ತಿದ್ದೆ. ದಿನಾ ಸಂಜೆ ಬರಿಗೈಯಲ್ಲೇ ಅರಿವೆ ಹಿಂಡಿ, ಹಳೆಯದನ್ನು ತೆಗೆದು ಹೊಸದನ್ನು ಇಡುತ್ತಿದ್ದೆ. ರೊಟ್ಟಿ ಮುರಿದರೆ ಬೆರಳಿನಿಂದ ಬಾದಾಮಿಯ ವಾಸನೆ ಬರುತ್ತಿತ್ತು.

ಮೂರನೆಯ ದಿನ ತಲೆ ನೋಯತೊಡಗಿತು. ಶನಿವಾರ ಗಂಡ ಊರಿಗೆ ಬಂದಾಗ ಅದನ್ನು ಹೇಳುವ ಹೊತ್ತಲ್ಲವೆಂದು ಸುಮ್ಮನಾದೆ, ಯಾಕೆಂದರೆ ಅವರು ಒಳ್ಳೆಯ ಸುದ್ದಿ ತಂದಿದ್ದರು. ಹತ್ತರಗಿಗೆ ಕೊಟ್ಟಿದ್ದ ನನ್ನ ತಂಗಿ ಹೆತ್ತಿದ್ದಳು. ಹೆಣ್ಣು ಕೂಸು, ಆರು ದಿನವಾಗಿತ್ತು.

ನಮಗೆ ತಂದೆ ತಾಯಿ ಇರಲಿಲ್ಲ. ಅವಳ ಮೊದಲ ಹೆರಿಗೆ ಕೌಜಲಗಿಯ ನಮ್ಮ ಮನೆಯಲ್ಲೇ ಆಗಿತ್ತು. ಆ ಗಂಡು ಕೂಸು ಒಂಬತ್ತನೆಯ ದಿನ ನನ್ನ ತೊಡೆಯ ಮೇಲೇ ತೀರಿಕೊಂಡಿತ್ತು. ಏನಾಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ಈ ಸಲ ಹೆರಿಗೆಗೆ ಕರೆತರುತ್ತೇವೆ ಎಂದು ನಾವು ಕೇಳಲಿಲ್ಲ, ಅವರೂ ಕಳಿಸುವ ಮಾತೆತ್ತಲಿಲ್ಲ. ಈಗ ತಂಗಿ ನನ್ನ ಗಂಡನ ಕೈಯಲ್ಲಿ ಒಂದೇ ಒಂದು ಮಾತು ಹೇಳಿ ಕಳಿಸಿದ್ದಳು. ಕೂಸಿಗೆ ಬಜೆ ತೇಯ್ದು ನೆಕ್ಕಿಸಲು ಅಕ್ಕನ ಮನೆಯ ಜೇನುತುಪ್ಪವೇ ಬೇಕು, ಪೇಟೆಯದು ಬೇಡ.

ಮನೆಯಲ್ಲಿದ್ದ ಹಳೆಯ ತುಪ್ಪ ದೀಪಾವಳಿಗೇ ಮುಗಿದಿತ್ತು. ಭಾನುವಾರ ಇಡೀ ಬೆಳಗು ನಾನು ಪೆಟ್ಟಿಗೆಗಳ ಸುತ್ತ ಸುತ್ತಿದೆ. ಮದ್ದು ಹಾಕುವುದು ತಳದಲ್ಲಿ, ತುಪ್ಪ ಇರುವುದು ಮೇಲಿನ ಚೌಕಟ್ಟಿನಲ್ಲಿ, ಅದೂ ಮೇಣದ ಮುಚ್ಚಳದ ಒಳಗೆ. ಮುಚ್ಚಿದ ತುಪ್ಪಕ್ಕೆ ವಾಸನೆ ಹೇಗೆ ಹೊಕ್ಕೀತು ಎಂದು ನನಗೆ ನಾನೇ ಹೇಳಿಕೊಂಡೆ. ಒಂದೇ ಒಂದು ಚೌಕಟ್ಟು ತೆಗೆದು, ಜೇನುಹುಟ್ಟನ್ನು ಕೊಯ್ದು ಹಿಂಡಿ, ತೆಳುವಾದ ಬಟ್ಟೆಯಲ್ಲಿ ಸೋಸಿದೆ. ಅರ್ಧ ಬಾಟಲಿ ಆಯಿತು. ಮೂಸಿದೆ. ಸಣ್ಣಗೆ ಅದೇ ವಾಸನೆ ಬಂದಂತಾಯಿತು. ನನ್ನ ಕೈಯದೇ ಇರಬೇಕು ಅಂದುಕೊಂಡೆ. ತುಪ್ಪ ತೆಗೆಯಬೇಡಿ ಅಂದಿದ್ದರಲ್ಲ ಎಂದು ಅತ್ತೆ ಕೇಳಿದರು. ಮೇಲಿನದು ತೆಗೆಯಬಹುದು ಎಂದು ಸಾಹೇಬರೇ ಹೇಳಿದ್ದಾರೆ ಎಂದು ಅವರಿಗೆ ಹೇಳಿದೆ. ಅದು ನನ್ನ ಮೊದಲ ಸುಳ್ಳು.

ಸೋಮವಾರ ನನ್ನ ಗಂಡ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿ ಹತ್ತರಗಿಗೆ ಮುಟ್ಟಿಸಿ, ಅಲ್ಲಿಂದ ಶಾಲೆಗೆ ಹೋದರು.

ಮಂಗಳವಾರ ಬೆಳಿಗ್ಗೆ ನಾನು ವಾಂತಿ ಮಾಡಿಕೊಂಡೆ. ಬುಧವಾರವೂ ಮಾಡಿಕೊಂಡೆ. ನೀರಿನ ಕೊಡ ಹೊತ್ತು ನಾಲ್ಕು ಹೆಜ್ಜೆ ಬಂದರೆ ಏದುಸಿರು. ಅತ್ತೆ ನನ್ನ ಸೊಂಟದಿಂದ ಕೊಡ ಇಸಿದುಕೊಂಡು, ಇನ್ನು ಮೇಲೆ ನೀನು ಬಾವಿಗೆ ಹೋಗಬೇಡ ಎಂದರು. ಅವರ ದನಿಯಲ್ಲಿ ಏನೋ ಇತ್ತು. ಆರು ವರ್ಷದಲ್ಲಿ ಅವರು ಒಂದು ದಿನವೂ ನನಗೆ ಮಕ್ಕಳ ವಿಷಯವಾಗಿ ಚುಚ್ಚಿ ಮಾತಾಡಿದವರಲ್ಲ. ಆ ದಿನ ಮಧ್ಯಾಹ್ನ, ಬಸಿರಾದವರಿಗೆ ಕಟ್ಟುವ ಉಂಡಿಗೆಂದು ತೆಗೆದಿಟ್ಟಿದ್ದ ಗೋದಿಯ ಗಂಟು ಬಿಚ್ಚಿ, ಯಾರೂ ಕೇಳದಿದ್ದರೂ ಹಸನು ಮಾಡುತ್ತ ಕೂತರು. ನಾನೂ ಒಳಗೊಳಗೆ ದಿನ ಎಣಿಸತೊಡಗಿದ್ದೆ.

ಗುರುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಸಾಹೇಬರು ಹೇಗಾಗಿದೆ ನೋಡಲು ಬಂದರು. ತೆವಳುವ ಹುಳು ಕಡಿಮೆಯಾಗಿದ್ದವು. ಅವರಿಗೆ ಖುಷಿಯಾಯಿತು. ನಾಲ್ಕನೆಯ ಪೆಟ್ಟಿಗೆಯ ಮುಚ್ಚಳ ಎತ್ತಿದವರು ಅಲ್ಲೇ ನಿಂತರು.

"ಇಲ್ಲೊಂದು ಚೌಕಟ್ಟು ಬರೇದೈತಿ. ತುಪ್ಪಾ ತಗದ್ರೇನ್ರಿ?"

ಅತ್ತೆ ಹಿತ್ತಿಲ ಬಾಗಿಲಲ್ಲೇ ಕೂತಿದ್ದರು. ಹೌದು ಅಂದರೆ ನಾನು ಅವರಿಗೆ ಸುಳ್ಳು ಹೇಳಿದ್ದು ಬಯಲಾಗುತ್ತಿತ್ತು. ಸಾಹೇಬರ ಎದುರು ನನ್ನ ಹೆಸರೂ ಹೋಗುತ್ತಿತ್ತು. ಹುಟ್ಟು ಮುರಿದು ಬಿದ್ದಿತ್ತು, ತಿಪ್ಪೆಗೆ ಹಾಕಿದೆ ಎಂದು ಅತ್ತೆಗೆ ಕೇಳದಷ್ಟು ಮೆಲ್ಲಗೆ ಹೇಳಿದೆ.

ಅವರು ಮುಚ್ಚಳ ಇಟ್ಟು ಹತ್ತಿರ ಬಂದು ದನಿ ತಗ್ಗಿಸಿದರು. "ಯಾರಿಗರೆ ಕೊಟ್ಟಿದ್ರ ಈಗ ಹೇಳ್ರಿ, ನಾ ಸಿಟ್ಟಾಗೂದಿಲ್ಲ. ಮೊನ್ನಿ ನಮ್ಮ ದೊಡ್ಡ ಸಾಹೇಬರು ಹೇಳ್ಯಾರ. ಈ ಮದ್ದು ಹೊಟ್ಟಿಗೆ ಹೋದ್ರ ರಕ್ತಾ ಕೆಡತೈತಂತ. ದೊಡ್ಡಾವ್ರು ತಡಕೋತಾರ. ಸಣ್ಣ ಕೂಸಿನ ಕೈಲೆ ಆಗೂದಿಲ್ಲ, ತುಟಿ ನೀಲಿ ಆಗಿ ಉಸಿರ ನಿಂತು ಬಿಡತೈತಿ."

"ಯಾರಿಗೂ ಕೊಟ್ಟಿಲ್ರಿ," ಎಂದೆ.

ಅವರು ಕಿಸೆಯಿಂದ ಪುಸ್ತಕ ತೆಗೆದು ಏನೋ ಬರೆದುಕೊಂಡರು. ಇನ್ನು ಮದ್ದು ಸಾಕು, ಕೈ ಚೆನ್ನಾಗಿ ತೊಳೆದುಕೊಳ್ಳಿ, ಅದು ಚರ್ಮದಿಂದಲೂ ಒಳಗೆ ಇಳಿಯುತ್ತದಂತೆ ಎಂದು ಹೇಳಿ, ಉಳಿದ ಬಾಟಲಿಯನ್ನು ಇಸಿದುಕೊಂಡು ಹೋದರು.

ಸೈಕಲ್ಲಿನ ಸದ್ದು ಓಣಿ ದಾಟುವವರೆಗೂ ನಾನು ಅಲ್ಲೇ ನಿಂತಿದ್ದೆ. ಸೋಮವಾರ ಮುಟ್ಟಿದೆ. ಮಂಗಳವಾರ, ಬುಧವಾರ, ಗುರುವಾರ. ದಿನಕ್ಕೆ ಎರಡು ಸಲ ನೆಕ್ಕಿಸಿದರೂ ಇಷ್ಟೊತ್ತಿಗೆ ಐದಾರು ಸಲ. ಅಂಚೆ ಕಚೇರಿಯಿಂದ ತಾರು ಕೊಡಬಹುದಿತ್ತು, ಆದರೆ ಆ ಕಾಲದಲ್ಲಿ ತಾರು ಬಂದರೆ ಓದುವ ಮುಂಚೆಯೇ ಅಳು ಶುರುವಾಗುತ್ತಿತ್ತು, ಅದೂ ಹುಕ್ಕೇರಿಯಿಂದ ಹತ್ತರಗಿಗೆ ಯಾವಾಗ ಮುಟ್ಟೀತೋ ಹೇಳುವಂತಿರಲಿಲ್ಲ.

ಅತ್ತೆಯ ಮುಂದೆ ಹೋಗಿ ಕೂತೆ. "ಅತ್ತಿ, ನಾ ನಿಮ್ಮ ಮುಂದನೂ ಸುಳ್ಳ ಹೇಳೇನಿ, ಸಾಹೇಬ್ರ ಮುಂದನೂ ಸುಳ್ಳ ಹೇಳೇನ್ರಿ. ತುಪ್ಪಾ ತಗೀಬ್ಯಾಡಂತನ ಅವ್ರು ಹೇಳಿದ್ರು. ಸಣ್ಣ ಕೂಸಿನ ಹೊಟ್ಟಿಗೆ ಹೋದ್ರ ಉಸಿರ ನಿಂದರತೈತಂತ್ರಿ."

ಅವರು ಗೋದಿ ಕೇರುವುದನ್ನು ನಿಲ್ಲಿಸಿದರು. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. ಅವರು ಕೇಳಿದ್ದು ಒಂದೇ ಮಾತು, ಹತ್ತು ಗಂಟೆಯ ಬಸ್ಸು ಹೋಯಿತೇ ಎಂದು. ಇನ್ನೂ ಇಲ್ಲ ಎಂದೆ. ಅವರು ಒಳಗೆ ಹೋಗಿ ಸೀರೆ ಬದಲಿಸಿಕೊಂಡು, ವಿಭೂತಿ ಹಚ್ಚಿಕೊಂಡು, ನಾಲ್ಕು ರೊಟ್ಟಿ ಅರಿವೆಯಲ್ಲಿ ಕಟ್ಟಿಕೊಂಡು ಬಂದರು. ಬಾಗಿಲಿಗೆ ಬೀಗ ಹಾಕುವಾಗ ಬೀಗದ ಕೈ ಎರಡು ಸಲ ಕೆಳಗೆ ಬಿತ್ತು.

ಗೋಕಾಕದವರೆಗಿನ ಆ ಬಸ್ಸಿನ ದಾರಿ ನನಗೆ ತುಂಡು ತುಂಡಾಗಿ ನೆನಪಿದೆ. ಎರಡೂ ಬದಿ ಬಿಳಿಜೋಳದ ತೆನೆ, ನಡುವೆ ಕುಸುಬಿಯ ಸಾಲು. ಎದುರು ಸೀಟಿನಲ್ಲಿ ಒಬ್ಬ ತಾಯಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಾಲು ಕುಡಿಸುತ್ತಿದ್ದಳು. ಆ ಕೂಸಿನ ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಅದು ಅಲುಗಾಡುವುದನ್ನೇ ನೋಡುತ್ತ ಕೂತೆ. ನಿಂತಿತು ಅನಿಸಿದರೆ ಮುಂದಕ್ಕೆ ಬಗ್ಗಿ ನೋಡುತ್ತಿದ್ದೆ. ಹಿಂದೆ ನನ್ನ ತೊಡೆಯ ಮೇಲೆ ತೀರಿಕೊಂಡ ಕೂಸಿನ ತೂಕ ಎಷ್ಟಿತ್ತೆಂದು ಮೈಗೆ ನೆನಪಾಗುತ್ತಿತ್ತು. ಬಸ್ಸು ನಿಂತ ಕಡೆಯಲ್ಲೆಲ್ಲ ಕಂಡಕ್ಟರನಿಗೆ ಬೇಗ ಬಿಡಿ ಎಂದು ಕೇಳಬೇಕು ಅನಿಸುತ್ತಿತ್ತು.

ಗೋಕಾಕದ ಬಸ್ ನಿಲ್ದಾಣದಲ್ಲಿ ಇಳಿದವಳೇ ಗೋಡೆಗೆ ಕೈ ಊರಿ ವಾಂತಿ ಮಾಡಿದೆ. ಕಣ್ಣು ಕತ್ತಲೆ ಬಂತು. ಅತ್ತೆ ಚಹದ ಅಂಗಡಿಯಿಂದ ನೀರು ತಂದು ಮುಖ ತೊಳೆಸಿದರು. "ಇಂಥಾ ಹೊತ್ತಿನಾಗ ನಿನ್ನ ಕರಕೊಂಡು ಬರಬಾರದಿತ್ತು ನಾ. ನಾ ಒಬ್ಬಾಕೇನ ಹೋಗಬೇಕಿತ್ತು," ಎಂದು ಸಣ್ಣ ದನಿಯಲ್ಲಿ ಹೇಳಿದರು. ಅಲ್ಲಿಯತನಕ ಇಬ್ಬರೂ ಬಾಯಿ ಬಿಟ್ಟು ಆಡದಿದ್ದ ಮಾತು ಅದೊಂದೇ. ನನಗೆ ಇನ್ನಷ್ಟು ಹೆದರಿಕೆಯಾಯಿತು. ಒಂದು ಕೂಸಿನ ಜೀವಕ್ಕೆ ಕುತ್ತು ತಂದವಳ ಹೊಟ್ಟೆಯಲ್ಲಿ ಇನ್ನೊಂದು ಉಳಿದೀತೇ ಎಂದು.

ಹುಕ್ಕೇರಿಗೆ ಮುಟ್ಟಿದಾಗ ಹೊತ್ತು ಆಗಲೇ ಪಡುವಣಕ್ಕೆ ವಾಲಿತ್ತು. ಹತ್ತರಗಿಯ ಬಸ್ಸು ಸಂಜೆ ಆರಕ್ಕೆ ಎಂದರು. ಅತ್ತೆ ರಸ್ತೆಯ ನಡುವೆ ನಿಂತು, ಶೇಂಗಾ ಚೀಲ ತುಂಬಿಕೊಂಡು ಹೆದ್ದಾರಿಯ ಕಡೆ ಹೊರಟಿದ್ದ ಒಂದು ಲಾರಿಗೆ ಕೈ ಅಡ್ಡ ಹಿಡಿದರು. ಗಂಡಸರ ಎದುರು ಸೆರಗು ಸರಿಮಾಡಿಕೊಳ್ಳದೆ ಮಾತಾಡದವರು, ಅಂದು ಡ್ರೈವರನ ಬಾಗಿಲು ಹಿಡಿದು, ಬಾಣಂತಿ ಮನೆಗೆ ಹೋಗಬೇಕಾಗಿದೆ, ಕೂಸಿಗೆ ಹುಷಾರಿಲ್ಲ ಎಂದರು. ಅವನು ಒಂದು ಮಾತೂ ಕೇಳದೆ ಹತ್ತಿಸಿಕೊಂಡ. ಹತ್ತರಗಿಯ ತಿರುವಿನಲ್ಲಿ ಇಳಿಸಿ, ನಮ್ಮ ಮುಖ ನೋಡಿ, ಏನೂ ಆಗುವುದಿಲ್ಲ ಹೋಗಿ ಎಂದ. ಆ ಮನುಷ್ಯನನ್ನು ಮತ್ತೆಂದೂ ನೋಡಲಿಲ್ಲ.

ತಂಗಿಯ ಮನೆಯ ಮುಂದೆ ಜನ ನೆರೆದಿರಲಿಲ್ಲ. ಅಷ್ಟನ್ನೇ ನಂಬಿ ಹೊಸ್ತಿಲು ದಾಟಿದೆ. ಒಳಗೆ ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಹೊಗೆ ತುಂಬಿತ್ತು. ತಂಗಿ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಕೂಸು ಮಲಗಿತ್ತು. ಅಲುಗಾಡುತ್ತಿರಲಿಲ್ಲ. ಬಗ್ಗಿ ನೋಡಿದೆ. ಆ ಮಬ್ಬಿನಲ್ಲಿ ಅದರ ತುಟಿ ಕಪ್ಪಗೆ ಕಂಡಿತು.

ನಾನು ಕೂಸನ್ನು ಎತ್ತಿಕೊಂಡು ಬಾಗಿಲ ಕಡೆ ಓಡಿದೆ. ತಂಗಿಯ ಅತ್ತೆ ಅಡ್ಡ ಬಂದರು. ಹೊರಗಿನ ಗಾಳಿ ಬಡಿಯುತ್ತದೆ, ಹನ್ನೊಂದು ದಿನದ ಕೂಸು, ಬುದ್ಧಿ ಗಿದ್ಧಿ ಇದೆಯೇ ಎಂದರು. ನಮ್ಮ ಅತ್ತೆ ಅವರ ಎರಡೂ ಕೈ ಹಿಡಿದುಕೊಂಡು, ಒಂದು ಗಳಿಗೆ ತಡೆಯಿರಿ ಬೀಗತಿ, ಬೆಳಕಿನಲ್ಲಿ ಒಂದು ಸಲ ನೋಡಲಿ ಎಂದರು. ಹೊಸ್ತಿಲ ಹತ್ತಿರ ಸಂಜೆಯ ಬಿಸಿಲಿನ್ನೂ ಇತ್ತು. ಕೂಸಿನ ಮುಖವನ್ನು ಅತ್ತ ಹೊರಳಿಸಿದೆ. ಬಿಸಿಲಿಗೆ ಅದು ಮುಖ ಕಿವಿಚಿ ಬಾಯಿ ತೆರೆದು ಅಳತೊಡಗಿತು. ಬಾಯೊಳಗೆಲ್ಲ ಕೆಂಪು. ತುಟಿ ಕೆಂಪು. ಒಂದೊಂದೇ ಬೆರಳು ಬಿಡಿಸಿ ಉಗುರು ನೋಡಿದೆ. ಹತ್ತೂ ತಿಳಿಗುಲಾಬಿ.

ನಾನು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲೇ ಕೂತೆ. ತುಪ್ಪ ನೆಕ್ಕಿಸಿದಿರಾ ಎಂದು ಕೇಳಿದ್ದು ನಮ್ಮ ಅತ್ತೆ. ಮನೆಯ ಮುದುಕಿ ಸೂಲಗಿತ್ತಿ ಹೇಳಿದಳು, ಮೊದಲ ದಿನ ಬೆರಳ ತುದಿಯಲ್ಲಿ ಒಂದು ಸಲ ನೆಕ್ಕಿಸಿದ್ದಾಗಿ. ತನ್ನ ಬಾಯಿಗೂ ಹಾಕಿ ನೋಡಿದಾಗ ಪರಿಮಳದ ಸಾಬೂನು ತಿಂದಂತಾಯಿತಂತೆ. ಜೇನು ಹೀಗಿರುವುದಿಲ್ಲ ಎಂದು ಬಾಟಲಿಯನ್ನು ಗೋಡೆಯ ಮಾಡದಲ್ಲಿಟ್ಟುಬಿಟ್ಟಿದ್ದಳಂತೆ. ಅಕ್ಕನಿಗೆ ಬೇಸರವಾದೀತು, ಯಾರೂ ಹೇಳಬೇಡಿ ಎಂದು ತಂಗಿ ಎಲ್ಲರಿಗೂ ತಾಕೀತು ಮಾಡಿದ್ದಳಂತೆ.

ಆಗ ನನಗೆ ಅಳು ಬಂತೋ ಇಲ್ಲವೋ ನೆನಪಿಲ್ಲ. ಸೂಲಗಿತ್ತಿ ನನ್ನನ್ನೇ ನೋಡುತ್ತಿದ್ದಳು. ಹತ್ತಿರ ಬಂದು ನನ್ನ ಕೈ ಹಿಡಿದು ಬಿಸಿಲಿಗೆ ತಿರುಗಿಸಿದಳು.

"ಕೂಸಿನ ಉಗುರು ಎಣಸೀ, ನಿನ್ನವು ನೋಡ್ಕೊಂಡಿಯೇನ ಯವ್ವಾ?"

ನೋಡಿದೆ. ಉಗುರುಗಳು ನೇರಳೆಹಣ್ಣು ತಿಂದವರ ಬೆರಳಿನ ಹಾಗೆ ಇದ್ದವು. ನಮ್ಮ ಅತ್ತೆ ನನ್ನ ಗದ್ದ ಹಿಡಿದು ಮುಖ ಎತ್ತಿದರು. ತುಟಿಯೂ ಹಾಗೇ ಇತ್ತಂತೆ. ಎರಡು ದಿನದಿಂದ ನನ್ನ ಮುಖ ಮಂಕಾಗಿರುವುದನ್ನು ಅವರು ನೋಡಿದ್ದರು, ಆದರೆ ಅವರ ಮನಸ್ಸಿನಲ್ಲಿ ಬೇರೊಂದೇ ಕಾರಣ ಇತ್ತು. ಇಡೀ ದಿನ ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದೆವು, ಇಬ್ಬರ ಕಣ್ಣೂ ಹತ್ತರಗಿಯಲ್ಲಿತ್ತು.

ಮರುದಿನ ಮೊದಲ ಬಸ್ಸಿಗೆ ಹುಕ್ಕೇರಿಯ ದವಾಖಾನೆಗೆ ಕರೆದೊಯ್ದರು. ಡಾಕ್ಟರು ವಯಸ್ಸಾದವರು. ತೋಳಿನಿಂದ ರಕ್ತ ತೆಗೆದು ಗಾಜಿನ ನಳಿಗೆಯನ್ನು ಕಿಟಕಿಗೆ ಹಿಡಿದರು. ಅದು ಕೆಂಪಗಿರಲಿಲ್ಲ. ಗಾಣದ ಮನೆಯ ಕಾಕಂಬಿಯ ಬಣ್ಣದ್ದಾಗಿತ್ತು. ನನ್ನ ಮೈಯಿಂದ ಬಂದದ್ದು ಅದು ಎಂದು ನಂಬಲು ಆಗಲಿಲ್ಲ. ತುಪ್ಪದ ಬಾಟಲಿಯನ್ನು ಮೂಸಿ ನೋಡಿ ಅವರು ತಲೆ ಆಡಿಸಿದರು. ನನ್ನ ಕೈ ಮೂಸಿದರು, ಕೂದಲು ಮೂಸಿದರು. ಎಂಟು ದಿನ ನೀನು ಇದನ್ನು ಮೂಗಿನಿಂದ, ಚರ್ಮದಿಂದ ಕುಡಿದಿದ್ದೀ ತಾಯಿ, ರಕ್ತಕ್ಕೆ ಉಸಿರು ಹೊರುವ ಶಕ್ತಿಯೇ ಕಡಿಮೆಯಾಗಿದೆ ಎಂದರು. ಇನ್ನು ನಾಲ್ಕು ದಿನ ಆ ಕೋಣೆಯಲ್ಲಿ ಮಲಗಿದ್ದರೆ ಏನಾಗುತ್ತಿತ್ತು ಎಂದು ಅತ್ತೆ ಕೇಳಿದರು. ಡಾಕ್ಟರು ನರ್ಸಬಾಯಿಯನ್ನು ಕರೆದರು.

ಆ ನರ್ಸಬಾಯಿಯನ್ನು ಅತ್ತೆ ಬಾಗಿಲ ಮರೆಗೆ ಕರೆದು ಏನೋ ಹೇಳಿದ್ದು ನನಗೆ ಗೊತ್ತಾಯಿತು. ಆಕೆ ಪರದೆ ಎಳೆದು ನನ್ನನ್ನು ಪರೀಕ್ಷೆ ಮಾಡಿದಳು. ಹೊರಗೆ ಹೋಗಿ ಹೇಳಿದ್ದು ನನಗೆ ಕೇಳಿಸಿತು. "ಏನಿಲ್ರಿ ಅಮ್ಮಾರ. ಹೊಟ್ಟ್ಯಾಗ ಏನೂ ಇಲ್ಲ. ವಾಂತಿ ಎಲ್ಲಾ ಔಷಧದ್ದ." ಅತ್ತೆ ಬಹಳ ಹೊತ್ತು ಒಳಗೆ ಬರಲಿಲ್ಲ. ಬಂದಾಗ ಕೈಯಲ್ಲಿ ಸೀಗೆಪುಡಿಯ ಪೊಟ್ಟಣವಿತ್ತು. ಡಾಕ್ಟರು ಮೈ, ಕೂದಲು ಚೆನ್ನಾಗಿ ತೊಳೆಯಬೇಕು ಅಂದಿದ್ದರಂತೆ. ದವಾಖಾನೆಯ ಹಿಂದಿನ ಬಚ್ಚಲಲ್ಲಿ ನನ್ನ ತಲೆಗೆ ಮೂರು ಸಲ ನೀರು ಹಾಕಿದರು. ಉಟ್ಟಿದ್ದ ಸೀರೆಯನ್ನು ಅಲ್ಲೇ ಸುಟ್ಟರು. ಕೂದಲು ಒರೆಸುತ್ತ ಒರೆಸುತ್ತ ಒಮ್ಮೆ ಮಾತ್ರ ನನ್ನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದುಕೊಂಡರು. ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಮುಂದೆ ನನಗೆ ಮಕ್ಕಳಾಗಲಿಲ್ಲ. ಅದಕ್ಕೆ ಈ ಮದ್ದು ಕಾರಣವೋ ಅಲ್ಲವೋ ಯಾವ ಡಾಕ್ಟರೂ ನನಗೆ ಹೇಳಲಾರದಾದರು.

ಆರು ದಿನ ದವಾಖಾನೆಯಲ್ಲಿದ್ದೆ. ತುಟಿಯ ಬಣ್ಣ ತಿರುಗಿತು. ಆದರೆ ಭಯ ಇಳಿಯಲಿಲ್ಲ. ಆ ಕೂಸು ಒಂದು ಸಲ ನೆಕ್ಕಿದ್ದು ಮುಂದೆ ಯಾವಾಗಲಾದರೂ ಎದ್ದೀತು ಎಂಬ ಅನುಮಾನ ನನ್ನನ್ನು ಬಹಳ ವರ್ಷ ಬಿಡಲಿಲ್ಲ. ಹತ್ತರಗಿಗೆ ಹೋದಾಗಲೆಲ್ಲ ಅದನ್ನು ಮುದ್ದಾಡುವ ನೆವದಲ್ಲಿ ಬಿಸಿಲಿಗೆ ಒಯ್ದು ತುಟಿ ನೋಡುತ್ತಿದ್ದೆ. ಅದು ನಡೆಯಲು ಕಲಿತದ್ದು ಎರಡು ತಿಂಗಳು ತಡವಾದಾಗ ನಾನು ಅನ್ನ ಬಿಟ್ಟಿದ್ದೆ. ಆಮೇಲೆ ಅದು ನಡೆಯಿತು, ಓಡಿತು, ಶಾಲೆಗೆ ಹೋಯಿತು.

ದವಾಖಾನೆಯಿಂದ ಬಂದ ಹದಿನೈದು ದಿನಕ್ಕೆ ಗಂಡನನ್ನು ಕರೆದುಕೊಂಡು ಮೂಡಲಗಿಗೆ ಹೋದೆ. ಸಾಹೇಬರಿಗೆ ನಿಜ ಹೇಳಬೇಕಾಗಿತ್ತು. ಅವರದು ಒಂದೇ ಕೋಣೆಯ ಬಾಡಿಗೆ ಮನೆ. ಬಾಗಿಲಲ್ಲೇ ಆ ವಾಸನೆ ನನ್ನನ್ನು ತಡೆಯಿತು. ಮೂಲೆಯಲ್ಲಿ ಡಬ್ಬಿ, ಅದರ ಪಕ್ಕದಲ್ಲಿ ತುಂಬಿದ ಬಾಟಲಿಗಳು, ಅದರ ಪಕ್ಕದಲ್ಲೇ ಸುತ್ತಿಟ್ಟ ಹಾಸಿಗೆ. ಅವರ ಹೆಂಡತಿ ತಲೆಗೆ ಬಿಗಿಯಾಗಿ ಅರಿವೆ ಕಟ್ಟಿಕೊಂಡು ಮಲಗಿದ್ದಳು. ತಿಂಗಳಿಂದ ತಲೆಶೂಲೆಯಂತೆ.

ಅಂಗಳದಲ್ಲಿ ನಿಂತೇ ಹೇಳಿದೆ. "ನಾ ಅವತ್ತ ಸುಳ್ಳ ಹೇಳಿದ್ನಿರಿ. ತುಪ್ಪಾ ಬಾಣಂತಿ ಮನಿಗೆ ಕೊಟ್ಟಿದ್ನಿ."

ಅವರು ಕೇಳುತ್ತ ಹೋದಂತೆ ಮುಖ ಬಿಳಿಚಿಕೊಂಡಿತು. ಕೌಜಲಗಿಯಲ್ಲಿ ಯಾರಿಗೂ ತೊಂದರೆಯಾಗಿಲ್ಲ ಎಂದು ನನ್ನ ಮಾತಿನ ಮೇಲೆ ಬರೆದು ಕಳಿಸಿದ್ದರಂತೆ. ಅದರ ಆಧಾರದ ಮೇಲೆ ಇನ್ನೂ ಒಂಬತ್ತು ಮನೆಗಳಿಗೆ ಅದೇ ಮದ್ದು ಕೊಟ್ಟಿದ್ದರಂತೆ. ಏಳು ಮೂಡಲಗಿಯಲ್ಲೇ, ಎರಡು ಅಂಕಲಗಿಯಲ್ಲಿ. ಒಂಬತ್ತು ಮನೆ ಎಂಬ ಮಾತು ಕೇಳಿದಾಗ ನನಗೆ ಹತ್ತರಗಿಯ ದಾರಿಯ ಹೆದರಿಕೆ ಒಂಬತ್ತು ಪಟ್ಟಾಗಿ ತಿರುಗಿ ಬಂತು. ನನ್ನ ಹೆಸರು ಉಳಿಸಿಕೊಳ್ಳಲು ಆಡಿದ ಒಂದು ಮಾತು ಎಲ್ಲಿಯವರೆಗೆ ಹೋಗಿತ್ತು ನೋಡಿ.

ಅವರು ಆ ಗಳಿಗೆಯಲ್ಲೇ ಡಬ್ಬಿಯನ್ನು ಹೊರಗೆ ಎಳೆದರು. ಹೆಂಡತಿಯನ್ನು ಎಬ್ಬಿಸಿ ಅಂಗಳಕ್ಕೆ ತಂದು ಮಲಗಿಸಿದರು. ಆಮೇಲೆ ಸೈಕಲ್ಲಿನಲ್ಲಿ ಅಂಕಲಗಿಗೆ ಹೊರಟರು, ಇಪ್ಪತ್ತು ಮೈಲಿಗೂ ಮೇಲೆ. ಮೂಡಲಗಿಯ ಮನೆಗಳಿಗೆ ನಾನೂ ನನ್ನ ಗಂಡನೂ ಹೋದೆವು. ಸರ್ಕಾರದವರು ಕೇಳಿದರೆ ಹೆಂಗಸರು ನಿಜ ಹೇಳುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಎರಡನೆಯ ಮನೆಯಲ್ಲಿ ಒಬ್ಬ ಸೊಸೆ, ತುಪ್ಪ ತೆಗೆದೇ ಇಲ್ಲ ಎಂದು ಹೇಳಿ, ನಾನು ದವಾಖಾನೆಯ ಕಥೆ ಹೇಳಿದ ಮೇಲೆ ಕಾಳಿನ ಕಣಜದ ಹಿಂದಿನಿಂದ ಒಂದು ಚೊಂಬು ತಂದು ನನ್ನ ಕೈಗಿಟ್ಟಳು. ಎರಡು ವರ್ಷದ ಮಗನಿಗೆ ರೊಟ್ಟಿಯ ಜೊತೆ ದಿನಾ ಕೊಡುತ್ತಿದ್ದಳಂತೆ, ಅವನು ನಾಲ್ಕು ದಿನದಿಂದ ಆಟ ಬಿಟ್ಟು ಮಲಗಿಯೇ ಇರುತ್ತಿದ್ದನಂತೆ. ಆ ಹುಡುಗನನ್ನು ನನ್ನ ಗಂಡನೇ ಹೆಗಲ ಮೇಲೆ ಹೊತ್ತು ಗೋಕಾಕದ ಬಸ್ಸಿಗೆ ಓಡಿದರು. ಅವನು ಉಳಿದ. ಅಂಕಲಗಿಯಲ್ಲಿ ಒಬ್ಬ ಮುದುಕರು ಹಾಸಿಗೆ ಹಿಡಿದಿದ್ದರು, ಅವರೂ ಚೇತರಿಸಿಕೊಂಡರು ಎಂದು ಸಾಹೇಬರು ಕಾಗದ ಬರೆದಿದ್ದರು. ಆ ಕಾಗದದಲ್ಲಿ ನನ್ನನ್ನು ಬೈದಿರಲಿಲ್ಲ. ಚೀಟಿ ಇಲ್ಲದ ಬಾಟಲಿ ಕೊಟ್ಟದ್ದು ತಮ್ಮ ತಪ್ಪು ಎಂದು ಬರೆದಿದ್ದರು. ಬೇಸಿಗೆಯಲ್ಲಿ ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು.

ನಮ್ಮ ಐದು ಪೆಟ್ಟಿಗೆಗಳಲ್ಲಿ ಮೂರು ಆ ಚಳಿಗಾಲದಲ್ಲೇ ಬರಿದಾದವು. ಎರಡು ತಾವಾಗಿಯೇ ಉಳಿದವು. ಆ ವರ್ಷ ತುಪ್ಪ ತೆಗೆಯಲಿಲ್ಲ. ಮರುವರ್ಷ ತೆಗೆದು, ನಾನೊಬ್ಬಳೇ ಎಂಟು ದಿನ ತಿಂದು, ಉಗುರು ನೋಡಿಕೊಂಡು, ಆಮೇಲೆ ಬೇರೆಯವರಿಗೆ ಕೊಟ್ಟೆ.

ಎರಡು ವರ್ಷದ ಮೇಲೆ ಹೊಸಬರೊಬ್ಬರು ಬಂದರು. ಚೀಲದಲ್ಲಿ ಕಾಗದದ ಪಟ್ಟಿಗಳಿದ್ದವು. ಹೊತ್ತಿಸಿ ಪೆಟ್ಟಿಗೆಯ ಒಳಗೆ ಹೊಗೆ ಹಿಡಿಸಬೇಕು, ಇದು ಹೊಸದು, ಹಳೆಯದರಂತಲ್ಲ ಎಂದರು. ನಾನು ಅವರನ್ನು ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟು ಕೇಳಿದೆ, ಈ ಹೊಗೆ ಹೆಂಗಸರ ಮೂಗಿಗೆ ಹೋದರೆ ಏನಾಗುತ್ತದೆ, ತುಪ್ಪದಲ್ಲಿ ಎಷ್ಟು ದಿನ ಇರುತ್ತದೆ, ಕೂಸಿನ ಬಾಯಿಗೆ ಬಿದ್ದರೆ ಏನಾಗುತ್ತದೆ ಎಂದು. ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಅದನ್ನೆಲ್ಲ ತಮಗೆ ಹೇಳಿಲ್ಲ, ಕೇಳಿಕೊಂಡು ಬರುತ್ತೇನೆ ಎಂದರು. ಕೇಳಿಕೊಂಡು ಬಂದು ಕಾಗದದ ಮೇಲೆ ಬರೆದು ಕೊಡಿ, ಆಮೇಲೆ ಪೆಟ್ಟಿಗೆ ಮುಟ್ಟಿ ಎಂದೆ. ಅವರು ಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಅತ್ತೆ ಹಿತ್ತಿಲ ಬಾಗಿಲು ಮುಚ್ಚಿ ಅಗಳಿ ಹಾಕಿ ಬಂದರು.